ಕುಳ್ಳ ಗೊಂಬೆಗಳಿಗೆ ನೋಟಿಸ್

ನಮ್ಮ ಬೀದಿಯ ನಿವಾಸಿಗಳ ಸಮಿತಿಯವರು ನಿನ್ನೆ ಮನೆಮನೆಗೂ ಒಂದು ಸುತ್ತೋಲೆ ಹಂಚಿದ್ದಾರೆ. ಮನೆಯ ಮುಂದಿನ ತೋಟದಲ್ಲಿರುವ ‘ಸದಭಿರುಚಿಗೆ ಒಪ್ಪದ ಅಲಂಕಾರ ಸಾಮಗ್ರಿ’ಗಳನ್ನು ತಿಂಗಳೊಳಗೆ ತೆಗೆಯಬೇಕಂತೆ. ಯಾರ ಹೆಸರನ್ನೂ ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಪಕ್ಕದ ಮನೆಯ ಅಜ್ಜಿಯ ತೋಟದಲ್ಲಿ ಕೆಂಪು ಟೊಪ್ಪಿಗೆಯ, ಬಿಳಿ ಗಡ್ಡದ ನಾಲ್ಕು ಕುಳ್ಳ ಮುದುಕರ ಗೊಂಬೆಗಳು, ಅಂದರೆ ಗಾರ್ಡನ್ ನೋಮ್‌ಗಳಿವೆ. ಒಂದರ ಕೈಯಲ್ಲಿ ಗಾಳ, ಇನ್ನೊಂದರ ಮುಂದೆ ಕೈಗಾಡಿ; ಗಾಳ ಹಿಡಿದವನ ಮೂಗಿನ ಬಣ್ಣ ಮಳೆಗೆ ಎದ್ದುಹೋಗಿ, ಒಳಗಿನ ಸುಟ್ಟ ಮಣ್ಣು ಕಾಣುತ್ತಿದೆ. ಇವರಿಂದ ಬೀದಿಯ ಮಾನ ಹೋಗುತ್ತಿದೆಯೆಂದು ಸಮಿತಿಗೆ ಈಗ ಹೊಳೆದಿದೆ.

ನಾನು ಇರುವುದು ಇಂಗ್ಲೆಂಡಿನ ನಾರ್ಥ್ಯಾಂಪ್ಟನ್‌ಶೈರ್ ಕೌಂಟಿಯಲ್ಲಿ. ಈ ಗೊಂಬೆಗಳಿಗೆ ಇಂಗ್ಲೆಂಡಿನಲ್ಲಿ ಮೊದಲು ಜಾಗ ಕೊಟ್ಟವರಲ್ಲಿ ಪ್ರಮುಖನಾದವನು ಇದೇ ಕೌಂಟಿಯ ಜಮೀನ್ದಾರ, ಲ್ಯಾಂಪೋರ್ಟ್ ಹಾಲ್‌ನ ಸರ್ ಚಾರ್ಲ್ಸ್ ಐಶಮ್. 1840ರ ದಶಕದಲ್ಲಿ ಆತ ತನ್ನ ಮಹಲಿನ ಪಕ್ಕದಲ್ಲೇ ಕಲ್ಲುಬಂಡೆಗಳ ದೊಡ್ಡದೊಂದು ದಿಬ್ಬ ಕಟ್ಟಿಸಿದ. ಅದರ ಮೇಲೆ ಕುಳ್ಳ ಜಾತಿಯ ಮರಗಳನ್ನು ನೆಡಿಸಿ, ಜರ್ಮನಿಯ ನ್ಯೂರೆಂಬರ್ಗ್‌ನಿಂದ ತರಿಸಿದ ಪುಟಾಣಿ ಗೊಂಬೆಗಳನ್ನು ಗಣಿಗಾರರಂತೆ ಗುದ್ದಲಿ ಹಿಡಿಸಿ ನಿಲ್ಲಿಸಿದ. ಭೂಮಿಯೊಳಗೆ ಇಂಥ ಜೀವಿಗಳು ನಿಜವಾಗಿಯೂ ಓಡಾಡುತ್ತಿವೆಯೆಂದು ಆತ ಮನಸಾರೆ ನಂಬಿದ್ದ. ಅವನ ಹೆಣ್ಣುಮಕ್ಕಳಿಗೆ ಇವುಗಳನ್ನು ಕಂಡರಾಗುತ್ತಿರಲಿಲ್ಲ, ಏರ್‌ಗನ್ ಹಿಡಿದು ಒಂದೊಂದಾಗಿ ಹೊಡೆದು ಉರುಳಿಸಿದರು ಎಂಬ ಕಥೆ ಇಲ್ಲಿ ಪ್ರಸಿದ್ಧ. ಬಂಡೆಯ ಸಂದಿನಲ್ಲಿ ಸಿಕ್ಕಿ ಉಳಿದ ‘ಲ್ಯಾಂಪಿ’ ಎಂಬ ಒಂದೇ ಒಂದು ಗೊಂಬೆಯನ್ನು ಮಹಲಿನಲ್ಲಿ ಜೋಪಾನವಾಗಿ ಇರಿಸಿದ್ದಾರೆ. ಅದರ ವಿಮೆ ಹತ್ತು ಲಕ್ಷ ಪೌಂಡ್ ಎನ್ನುತ್ತಾರೆ. ಸರ್ ಚಾರ್ಲ್ಸ್ ಇಟ್ಟರೆ ಪರಂಪರೆ, ನಮ್ಮ ಅಜ್ಜಿ ಇಟ್ಟರೆ ಅಭಿರುಚಿಯ ಕೊರತೆ. ನನಗೆ ರೇಗುವುದು ಇಲ್ಲಿಯೇ.

ಈ ಗೊಂಬೆಗಳ ವಂಶಾವಳಿಯನ್ನು ಕೆದಕಿದರೆ ಸಿಗುವುದು ಗಣಿಗಳ ಕತ್ತಲೆ. ನಾವು ಗಾಳಿಯಲ್ಲಿ ನಡೆದಾಡುವಷ್ಟೇ ಸರಾಗವಾಗಿ ಮಣ್ಣು, ಕಲ್ಲುಗಳ ಮೂಲಕ ಸಾಗಬಲ್ಲ ಕುಬ್ಜರ ಬಗ್ಗೆ 16ನೆಯ ಶತಮಾನದ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ಬರೆದಿಟ್ಟ. ಜರ್ಮನ್ ಗಣಿಗಾರರಿಗೆ ಆ ಕುಬ್ಜರು ನೆರೆಹೊರೆಯವರೇ ಆಗಿದ್ದರು. ಬೆಳ್ಳಿಯೆಂದು ಅಗೆದು ತಂದ ಅದಿರು ಕುಲುಮೆಯಲ್ಲಿ ಬೆಳ್ಳಿ ಕೊಡದೆ ವಿಷದ ಹೊಗೆಯನ್ನು ಉಗುಳಿದಾಗ, ಇದು ಕೋಬೋಲ್ಡ್ ಎಂಬ ಗಣಿಭೂತದ ಕಿತಾಪತಿಯೆಂದು ಅವರು ಶಪಿಸಿದರು. 1730ರ ದಶಕದಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಗಿಯೋರ್ಗ್ ಬ್ರಾಂಟ್ ಅಂಥ ಅದಿರಿನಲ್ಲಿ ಹೊಸ ಲೋಹವೊಂದನ್ನು ಕಂಡುಹಿಡಿದ ಮೇಲೂ ಭೂತದ ಹೆಸರು ಬಿಡಲಿಲ್ಲ; ಕೋಬಾಲ್ಟ್ ಎಂದೇ ಉಳಿಯಿತು. ತೋಟದ ಗೊಂಬೆಯ ಗುದ್ದಲಿ, ಲಾಂದ್ರ, ಚೂಪು ಟೊಪ್ಪಿಗೆಗಳೆಲ್ಲ ಆ ಗಣಿಗಾರರ ಲೋಕದವು. ದೃಷ್ಟಿಬೊಂಬೆಯ ಹಾಗೆಯೇ ಅಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ದೃಷ್ಟಿಬೊಂಬೆ ಹೆದರಿಸಲು ನಿಂತದ್ದು ಸ್ವಾಮಿ, ಇದು ದುಡಿಯಲು ನಿಂತದ್ದು.

ಇನ್ನು ಸದಭಿರುಚಿಯ ವಿಷಯ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ಮಿರಾಬೆಲ್ ಅರಮನೆಯ ತೋಟದಲ್ಲಿ 1690ರ ದಶಕದಲ್ಲಿ ಆರ್ಚ್‌ಬಿಷಪ್ ಒಬ್ಬರು ಅಮೃತಶಿಲೆಯ ಕುಬ್ಜರ ಸಾಲನ್ನೇ ಮಾಡಿಸಿಟ್ಟರು. ಕುಬ್ಜರ ದೇಹವನ್ನು ನಗೆಪಾಟಲು ಮಾಡುವ ಆ ಕ್ರೌರ್ಯವನ್ನು ಆಗ ಕೀಳು ಅಭಿರುಚಿ ಎನ್ನಲಿಲ್ಲ, ಕಲೆ ಎಂದರು. ಆಮೇಲೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ತುರಿಂಜಿಯಾ ಪ್ರಾಂತ್ಯದ ಗ್ರೇಫೆನ್‌ರೋಡಾ ಎಂಬ ಊರಿನ ಕುಶಲಕರ್ಮಿಗಳು, ಅದರಲ್ಲೂ ಫಿಲಿಪ್ ಗ್ರೀಬೆಲ್ ಮತ್ತು ಆಗಸ್ಟ್ ಹೈಸ್ನರ್ ಅವರ ಕಾರ್ಖಾನೆಗಳು, ಅಚ್ಚಿಗೆ ಮಣ್ಣು ತುಂಬಿ, ಸುಟ್ಟು, ಕೈಯಲ್ಲೇ ಬಣ್ಣ ಬಳಿದು ಕುಳ್ಳರನ್ನು ಸಾವಿರಗಟ್ಟಲೆ ತಯಾರಿಸಿದವು. ಅಲ್ಲಿಂದ ಮುಂದೆ ಸಾಮಾನ್ಯನ ಕೈಗೂ ಎಟುಕುವ ಬೆಲೆಗೆ ಅವು ಇಳಿದವು. ಸಿಮೆಂಟು ಬಂತು, ಪ್ಲಾಸ್ಟಿಕ್ ಬಂತು. ಬೆಲೆ ಇಳಿದಂತೆ ಗೊಂಬೆಗಳ ಮರ್ಯಾದೆಯೂ ಇಳಿಯಿತು. ಗೊಂಬೆ ಅದೇ, ಟೊಪ್ಪಿಗೆ ಅದೇ, ಬದಲಾದದ್ದು ಕೊಳ್ಳುವವರು.

ಲಂಡನ್ನಿನ ಚೆಲ್ಸಿ ಪುಷ್ಪ ಪ್ರದರ್ಶನದಲ್ಲಿ ಇವುಗಳಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. 2009ರಲ್ಲಿ ಮೂಲಿಕೆ ಗಿಡಗಳ ಬೆಳೆಗಾರ್ತಿ ಜೆಕ್ಕಾ ಮೆಕ್ವಿಕರ್ ತಮ್ಮ ‘ಬೊರೇಜ್’ ಎಂಬ ಪುಟ್ಟ ಕುಳ್ಳನನ್ನು ಗಿಡಗಳ ನಡುವೆ ಇಟ್ಟದ್ದೇ ಪತ್ರಿಕೆಗಳಿಗೆ ಸುದ್ದಿಯಾಯಿತು. 2013ರಲ್ಲಿ ಪ್ರದರ್ಶನದ ಶತಮಾನೋತ್ಸವಕ್ಕೆಂದು ಆ ಒಂದು ವರ್ಷದ ಮಟ್ಟಿಗೆ ನಿಷೇಧವನ್ನು ಸಡಿಲಿಸಿ, ಗಾಯಕ ಎಲ್ಟನ್ ಜಾನ್‌ರಂಥವರ ಕೈಯಲ್ಲಿ ಬಣ್ಣ ಹಾಕಿಸಿ, ಗೊಂಬೆಗಳನ್ನು ಹರಾಜು ಹಾಕಿದರು. ಹಣ ಶಾಲೆಗಳ ತೋಟಗಳಿಗೆ ಹೋಯಿತು, ಒಳ್ಳೆಯದೇ. ಆದರೆ ತಾರೆಯೊಬ್ಬರು ಕುಂಚ ಆಡಿಸಿದ ಕೂಡಲೇ ಅಸಹ್ಯವೆಲ್ಲ ತೊಳೆದುಹೋಗುವ ಈ ಮಡಿ ಯಾವುದು?

ಒಂದು ತಕರಾರನ್ನು ನೀವು ಎತ್ತುವ ಮೊದಲೇ ಹೇಳಿಬಿಡುತ್ತೇನೆ: ಚಡ್ಡಿ ಜಾರಿಸಿ ಹಿಂಬದಿ ತೋರಿಸುವ ಪ್ಲಾಸ್ಟಿಕ್ ಕುಳ್ಳರನ್ನೂ ಸಮರ್ಥಿಸುತ್ತೀರಾ? ಇಲ್ಲ, ಅವು ಖಂಡಿತ ಹೇಸಿಗೆ. ಆದರೆ ಅಜ್ಜಿಯ ಗಾಳಗಾರ ಚಡ್ಡಿ ಬಿಚ್ಚಿಲ್ಲ. ಅವನು ನೆಟ್ಟಗೆ ನೀರಿಲ್ಲದ ತೊಟ್ಟಿಯಲ್ಲಿ ಮೀನು ಹಿಡಿಯುತ್ತಿದ್ದಾನೆ. ನಿಜ ಹೇಳಬೇಕೆಂದರೆ ನನಗೆ ಅವನೂ ಚೆಂದ ಕಾಣುವುದಿಲ್ಲ. ಯಾರಾದರೂ ಇಂಥದ್ದನ್ನು ಉಡುಗೊರೆ ಕೊಟ್ಟರೆ ನಗುಮುಖದಿಂದ ಪಡೆದು ಗ್ಯಾರೇಜಿನ ಮೂಲೆಗೆ ಸೇರಿಸುವವನೇ ನಾನು. ಹಾಗೆಂದು ಪರರ ತೋಟಕ್ಕೆ ಸುತ್ತೋಲೆ ಕಳಿಸುವಷ್ಟು ಸೊಕ್ಕು ನನಗಿನ್ನೂ ಬಂದಿಲ್ಲ.

ಫ್ರಾನ್ಸಿನಲ್ಲಿ 1990ರ ದಶಕದಲ್ಲಿ ‘ತೋಟದ ಕುಬ್ಜರ ವಿಮೋಚನಾ ರಂಗ’ ಎಂದು ಹೆಸರಿಟ್ಟುಕೊಂಡವರು ಜನರ ತೋಟಗಳಿಂದ ಗೊಂಬೆಗಳನ್ನು ಕದ್ದು ಕಾಡಿಗೆ ‘ಬಿಡುಗಡೆ’ ಮಾಡುತ್ತಿದ್ದರು. ಅದನ್ನು ಹಾಸ್ಯವೆಂದು ಮೆಚ್ಚಿದವರು ಬಹಳ. ಕಳೆದುಕೊಂಡವರ ಮುಖ ನೋಡಿದವರು ಎಷ್ಟು ಮಂದಿಯೋ. ನಮ್ಮ ಸಮಿತಿಗೆ ಕದಿಯುವಷ್ಟು ರಸಿಕತೆಯೂ ಇಲ್ಲ, ಬರೀ ನೋಟಿಸ್.

ಅಜ್ಜಿಯ ಪರವಾಗಿ ಉತ್ತರ ಬರೆದಿದ್ದೇನೆ, ಅವರು ಸಹಿ ಹಾಕಿದ್ದಾರೆ. ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ ಸೇರಿಸಿದ್ದೇನೆ: ಸಮಿತಿಯ ಅಧ್ಯಕ್ಷರ ಗೇಟಿನ ಎರಡೂ ಬದಿಯಲ್ಲಿ ಬಾಯಿ ತೆರೆದು ಕುಳಿತಿರುವ ಕಾಂಕ್ರೀಟ್ ಸಿಂಹಗಳಿಗೂ ಈ ಸುತ್ತೋಲೆ ಅನ್ವಯಿಸುತ್ತದೆಯೇ?