ಕರೆಂಟು ಎಲ್ಲಿಂದ ಬಂತು ಭಾವ?

ನಿನ್ನೆ ಸುರತ್ಕಲ್ಲಿನಲ್ಲಿ ನೆಂಟರ ಮನೆ ಒಕ್ಕಲು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಭಾವ. ಸಾರು ಬರುವ ಮೊದಲೇ ಅವರ ಮೊಬೈಲು ಬಂತು. ವಿಡಿಯೋದಲ್ಲಿ ಯಾರೋ ಒಬ್ಬ ಬೈಕಿಗೆ ಬಾಟಲಿಯಿಂದ ನೀರು ಸುರಿಯುತ್ತಾನೆ, ಕಿಕ್ ಹೊಡೆಯುತ್ತಾನೆ, ಬೈಕು ಹೊರಟೇಬಿಡುತ್ತದೆ.

"ನೋಡು ಮಾರಾಯಾ, ಹೈಡ್ರೋಜನ್! ನೀನು ಸುಮ್ನೆ ದುಡ್ಡು ಸುರಿದು ಆ ಕರೆಂಟ್ ಸ್ಕೂಟರ್ ತಗೊಂಡೆ."

ಎದುರು ಸಾಲಿನವರೂ ನಕ್ಕರು. ನನಗೆ ಹೋಳಿಗೆ ರುಚಿಸಲಿಲ್ಲ.

ಗೊಬ್ಬರದ ಕಾರ್ಖಾನೆಯ ಅಮೋನಿಯಾ ಪ್ಲಾಂಟಿನಲ್ಲಿ ನಾನು ಎಷ್ಟು ವರ್ಷ ನೈಟ್ ಶಿಫ್ಟ್ ಮಾಡಿದ್ದೇನೆ ಅಂತ ನಿಮಗೆಲ್ಲ ಗೊತ್ತು. ಹೈಡ್ರೋಜನ್ ನನಗೆ ವಾಟ್ಸಾಪಿನಲ್ಲಿ ಪರಿಚಯವಾದದ್ದಲ್ಲ. ಕೂದಲೆಳೆಯಷ್ಟು ಸಂದಿಯಲ್ಲೂ ನುಸುಳುವ ಗ್ಯಾಸು ಅದು. ಹೊತ್ತಿಕೊಂಡರೆ ಹಗಲಲ್ಲಿ ಬೆಂಕಿ ಕಣ್ಣಿಗೇ ಕಾಣುವುದಿಲ್ಲ. ಅದರ ಜೊತೆ ಸಂಸಾರ ಮಾಡಿದವನಿಗೆ ಬಾಟಲಿ ನೀರಿನ ಪಾಠ!

ನಾನು ಕೇಳಿದ್ದು ಒಂದೇ. ಆ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಕರೆಂಟು ಎಲ್ಲಿಂದ ಬಂತು ಭಾವ?

ನೀರು ಅಂದರೆ ಉರಿದು ಮುಗಿದ ಹೈಡ್ರೋಜನ್. ಒಲೆಯ ಬೂದಿ ಇದ್ದ ಹಾಗೆ. ಬೂದಿಯನ್ನು ಮತ್ತೆ ಸೌದೆ ಮಾಡಲು ಹೊರಟರೆ, ಉರಿಯುವಾಗ ಬಂದದ್ದಕ್ಕಿಂತ ಜಾಸ್ತಿ ಕೊಡಬೇಕು. ಒಂದು ಕೆಜಿ ಹೈಡ್ರೋಜನ್ ತೆಗೆಯಲು ಸುಮಾರು 55 ಯೂನಿಟ್ ಕರೆಂಟು ಬೇಕು. ಆ ಒಂದು ಕೆಜಿಯೊಳಗೆ ಕೈಗೆ ಸಿಗುವ ಶಕ್ತಿ 33 ಯೂನಿಟ್ಟಿನಷ್ಟು. ಕಾರಿಗೆ ತುಂಬಲು 700 ಬಾರ್ ಒತ್ತಡ ಬೇಕು, ಅದಕ್ಕೂ ಕರೆಂಟು. ಕಾರಿನ ಫ್ಯುಯೆಲ್ ಸೆಲ್ ಅದನ್ನು ಮತ್ತೆ ಕರೆಂಟು ಮಾಡುವಾಗ ಹೆಚ್ಚುಕಮ್ಮಿ ಅರ್ಧ ಶಾಖವಾಗಿ ಹೋಗುತ್ತದೆ. ಇಷ್ಟೆಲ್ಲ ಆಗಿ ಕೊನೆಗೆ ಚಕ್ರ ತಿರುಗಿಸುವುದು ಯಾವುದು? ಮೋಟಾರು! ನನ್ನ ಸ್ಕೂಟರಿನಲ್ಲಿ ಇರುವಂಥದ್ದೇ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಟೊಯೊಟಾದ ಹೈಡ್ರೋಜನ್ ಕಾರು ಮಿರಾಯ್ ಒಂದು ಕೆಜಿಗೆ ನೂರು ಚಿಲ್ಲರೆ ಕಿಲೋಮೀಟರ್ ಓಡುತ್ತದೆ. ಅದೇ 55 ಯೂನಿಟ್ಟನ್ನು ಸೀದಾ ಬ್ಯಾಟರಿಗೆ ಹಾಕಿದರೆ ಸಾಧಾರಣ ಎಲೆಕ್ಟ್ರಿಕ್ ಕಾರು 300 ದಾಟುತ್ತದೆ.

"ಗಡ್ಕರಿಯವರೇ ಆ ಹೈಡ್ರೋಜನ್ ಕಾರಿನಲ್ಲಿ ಪಾರ್ಲಿಮೆಂಟಿಗೆ ಹೋದರಲ್ಲ?" ಹೋದರು, 2022ರ ಮಾರ್ಚಿನಲ್ಲಿ. ಆಮೇಲೆ ಸುರತ್ಕಲ್ಲಿನಲ್ಲಿ ಎಷ್ಟು ಓಡಾಡಿದವು? "ಐದೇ ನಿಮಿಷದಲ್ಲಿ ಫುಲ್ ಆಗುತ್ತದಂತೆ." ಬಂಕು ಇದ್ದರೆ ಆಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಶೆಲ್ ಕಂಪನಿ ಕಾರುಗಳಿಗೆ ಹೈಡ್ರೋಜನ್ ತುಂಬುವ ತನ್ನ ಬಂಕುಗಳನ್ನು 2024ರಲ್ಲಿ ಮುಚ್ಚಿತು. "ಇಸ್ರೋ ರಾಕೆಟ್ಟಿಗೆ ಹಾಕುವುದು ಅದೇ ಅಲ್ವಾ?" ಹೌದು, ಮೈನಸ್ 253 ಡಿಗ್ರಿಗೆ ತಣಿಸಿ, ದ್ರವ ಮಾಡಿ. ಚಂದ್ರಯಾನಕ್ಕೆ ಯಾರೂ ಮೈಲೇಜ್ ಕೇಳುವುದಿಲ್ಲ ಭಾವ.

ಭಾವನ ಅಳಿಯ ಇಂಜಿನಿಯರು, ಅವನೂ ಬಾಯಿ ಹಾಕಿದ. ಪಾವಗಡದಂಥ ಕಡೆ ಮಧ್ಯಾಹ್ನ ಹೆಚ್ಚಾಗುವ ಸೋಲಾರ್ ಕರೆಂಟಿನಲ್ಲಿ ಹೈಡ್ರೋಜನ್ ಮಾಡಿದರೆ ನಷ್ಟ ಏನು ಮಾಮ ಅಂತ. ಮಾತು ಸುಳ್ಳಲ್ಲ. ಆದರೆ ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ದಿನಕ್ಕೆ ನಾಲ್ಕು ಗಂಟೆ ಓಡಿಸಿ ಇಪ್ಪತ್ತು ಗಂಟೆ ಮಲಗಿಸಿದರೆ ಬಡ್ಡಿ ಯಾರು ಕಟ್ಟುವುದು? ಮಾಡಲಿ, ಬೇಡ ಅನ್ನುವುದಿಲ್ಲ. ಮಾಡಿದ್ದನ್ನು ಕಾರಿಗೆ ಯಾಕೆ ಸುರಿಯಬೇಕು?

ನನ್ನ ನಿಜವಾದ ಸಿಟ್ಟು ಇಲ್ಲೇ ಇರುವುದು. ಇವತ್ತು ದೇಶದಲ್ಲಿ ತಯಾರಾಗುವ ಹೈಡ್ರೋಜನ್ನಿನ ಬಹುಪಾಲು ನೀರಿನಿಂದ ಬಂದದ್ದೇ ಅಲ್ಲ, ನೈಸರ್ಗಿಕ ಅನಿಲದಿಂದ ಬಂದದ್ದು. ಒಂದು ಕೆಜಿಗೆ ಒಂಬತ್ತು ಹತ್ತು ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಗೆ. ಅದನ್ನು ನುಂಗುವುದು ಗೊಬ್ಬರದ ಕಾರ್ಖಾನೆ ಮತ್ತು ರಿಫೈನರಿ. ನಮಗೆ ಹೈಡ್ರೋಜನ್ ಇಲ್ಲದೆ ಅಮೋನಿಯಾ ಇಲ್ಲ, ಅಮೋನಿಯಾ ಇಲ್ಲದೆ ಯೂರಿಯಾ ಇಲ್ಲ, ಅಲ್ಲಿ ಬ್ಯಾಟರಿ ಇಟ್ಟರೆ ಗೊಬ್ಬರ ಆಗುವುದಿಲ್ಲ. (ಯೂರಿಯಾಕ್ಕೆ ಕಾರ್ಬನ್ ಡೈಆಕ್ಸೈಡೂ ಬೇಕು, ಆ ಗೋಳು ಇನ್ನೊಂದು ದಿನ.) 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ಎತ್ತಿಟ್ಟಿತು. ಹಸಿರು ಅಂದರೆ ಸೋಲಾರ್, ಗಾಳಿಯಂಥ ಕರೆಂಟಿನಲ್ಲಿ ನೀರು ಒಡೆದು ತೆಗೆದದ್ದು. ಆಗ ಇಟ್ಟ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಅದರ ಮೊದಲ ತುತ್ತು ಗೊಬ್ಬರಕ್ಕೆ ಹೋಗಲಿ ಅನ್ನುತ್ತೇನೆ. ಆದರೆ ಅಮೋನಿಯಾ ಪ್ಲಾಂಟಿನ ವಿಡಿಯೋ ಯಾರು ಫಾರ್ವರ್ಡ್ ಮಾಡುತ್ತಾರೆ? ನೀರು ಕುಡಿಯುವ ಬೈಕೇ ಬೇಕು ಜನಕ್ಕೆ.

ಇಷ್ಟು ಹಾರಾಡುವ ನಾನು ಒಂದು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ 'ಹಸಿರು ಹೈಡ್ರೋಜನ್' ಅಂತ ಹೆಸರು ಕೇಳಿಯೇ ಒಂದು ಕಂಪನಿಯ ಶೇರು ತಗೊಂಡಿದ್ದೆ. ಈಗ ಅರ್ಧಕ್ಕಿಂತ ಕೆಳಗೆ ಬಿದ್ದಿದೆ. ಹೆಂಡತಿಗೆ ಹೇಳಿಲ್ಲ. ಅವಳು ಫೇಸ್‌ಬುಕ್ಕಿನಲ್ಲಿ ಇಲ್ಲ, ದಯವಿಟ್ಟು ಯಾರೂ ಸ್ಕ್ರೀನ್‌ಶಾಟ್ ಕಳಿಸಬೇಡಿ.

ಸಂಜೆ ಭಾವನಿಗೆ ಬಸ್ಸು ಹಿಡಿಯಬೇಕಿತ್ತು. ರಿಕ್ಷಾ ಸಿಗಲಿಲ್ಲ. ನನ್ನ ಸ್ಕೂಟರಿನ ಹಿಂದೆ ಕೂತರು. ಏರು ಬಂದಾಗ ಮೆಲ್ಲಗೆ ಕೇಳಿದರು, "ಇಬ್ಬರನ್ನು ಎಳೆಯುತ್ತದಾ ಇದು?"

ಎಳೆಯಿತು.