ಬೆಳೆ ನಮ್ಮದು, ಲಾರಿ ಬಾಡಿಗೆದು

ಮೊನ್ನೆ ಕೋಲಾರದ ಎಪಿಎಂಸಿ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ ಮೊಬೈಲಲ್ಲಿ ರಾಕೆಟ್ ಹಾರುವ ವಿಡಿಯೋ ತೋರಿಸುತ್ತಿದ್ದ. 2024ರ ನವೆಂಬರಿನಲ್ಲಿ ನಮ್ಮ ಜಿಸ್ಯಾಟ್-ಎನ್2 ಉಪಗ್ರಹ ಅಮೆರಿಕದ ಫಾಲ್ಕನ್-9 ರಾಕೆಟ್ಟಿನಲ್ಲಿ ಹೋಯಿತಲ್ಲ, ಅದು. "ಚಂದ್ರನ ಮೇಲೆ ಇಳಿದವರು ನಾವು, ಒಂದು ಉಪಗ್ರಹ ಬಿಡೋಕೆ ಅವರ ಕಾಲು ಹಿಡೀಬೇಕಾ?" ಅಂತ ಅವನ ಸಿಟ್ಟು. ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಮಾವ ಕೂಡ ತಲೆಯಾಡಿಸಿದರು. ಮಾವ ಅಂದರೆ ಸಂಬಂಧ ಏನಿಲ್ಲ, ನಮ್ಮ ಬೀದಿಯವರೆಲ್ಲ ಹಾಗೇ ಕರೆಯುವುದು. ಟೊಮೇಟೊ ಬೆಳೆಯುತ್ತಾರೆ.

"ಮಾವ, ಹೋದ ವಾರ ನಿಮ್ಮ ಟೊಮೇಟೊ ಕೋಲ್ಕತ್ತಾಗೆ ಹೋಯ್ತಲ್ಲ, ಲಾರಿ ಯಾರದು?" ಅಂದೆ.

"ಬಾಡಿಗೆದು. ಯಾಕೆ?"

"ಅವಮಾನ ಆಯ್ತಾ?"

"ಲೇ, ಲಾರಿ ಬೇರೆ ರಾಕೆಟ್ ಬೇರೆ ಕಣೋ" ಅಂತ ಬೈದರು. ಬೇರೆ ಅಲ್ಲ ಅಂತಲೇ ನನ್ನ ವಾದ. ಟೀ ಅಂಗಡಿಯಲ್ಲಿ ಪೂರ್ತಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ವಿಜ್ಞಾನಿ ಅಲ್ಲ. ಡಿಶ್ ಕಟ್ಟುವವನು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಏಣಿ, ಸ್ಪ್ಯಾನರ್, ಸಿಗ್ನಲ್ ಮೀಟರ್ ಹಿಡಿದು ಕೋಲಾರ ಸುತ್ತಮುತ್ತಲ ತಾರಸಿಗಳನ್ನೆಲ್ಲ ಹತ್ತಿದ್ದೇನೆ. ನನ್ನ ಅನ್ನ ಬರುವುದೇ ಈ ಉಪಗ್ರಹಗಳಿಂದ. ಹಾಗಾಗಿ ಅವುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ.

ನಾವು ಡಿಶ್ ತಿರುಗಿಸುವುದು ಅಗ್ನಿಮೂಲೆ ಕಡೆಗೆ. ದೂರದರ್ಶನದ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸಮಭಾಜಕದ ನೇರ ಮೇಲೆ. ಕೋಲಾರದಿಂದ ನೋಡಿದರೆ ಆಗ್ನೇಯಕ್ಕೆ, ಸುಮಾರು 66 ಡಿಗ್ರಿ ಎತ್ತರದಲ್ಲಿ. ಒಬ್ಬರು ವಾಸ್ತು ನೋಡಿ "ಈಶಾನ್ಯಕ್ಕೆ ತಿರುಗಿಸಪ್ಪ" ಅಂದಿದ್ದರು. ಈಶಾನ್ಯದಲ್ಲಿ ದೇವರು ಸಿಗಬಹುದು ಸಾರ್, ಚಾನೆಲ್ ಸಿಗಲ್ಲ ಅಂದೆ.

ಒಂದು ಸಲ ಗಟ್ಟಿಯಾಗಿ ನಟ್ಟು ಬಿಗಿದರೆ ವರ್ಷಗಟ್ಟಲೆ ಅದನ್ನು ಮುಟ್ಟಬೇಕಿಲ್ಲ. ಯಾಕೆ? ಅಲ್ಲಿ ಮೇಲಿರುವುದು ಕದಲುವುದಿಲ್ಲ, ಅಂದರೆ ನಮಗೆ ಕದಲಿದಂತೆ ಕಾಣುವುದಿಲ್ಲ. ನೆಲದಿಂದ 35,786 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಬೇಕು. ಭೂಮಿ ತನ್ನ ಸುತ್ತ ತಾನು ತಿರುಗುವುದೂ ಅಷ್ಟೇ ಹೊತ್ತಿನಲ್ಲಿ. ಇಬ್ಬರೂ ಜೊತೆಜೊತೆಗೆ ತಿರುಗುತ್ತಾರೆ. ಈ ಎತ್ತರವನ್ನು ಹೆಚ್ಚು ಕಡಿಮೆ ಮಾಡಲು ಆಗಲ್ಲ. ನನ್ನ ಡಿಶ್ ಒಂದೇ ಒಂದು ಡಿಗ್ರಿ ವಾಲಿದರೂ ಅಲ್ಲಿ ಮೇಲೆ ಗುರಿ 600 ಕಿ.ಮೀ.ಗಿಂತ ಜಾಸ್ತಿ ತಪ್ಪುತ್ತದೆ. ಕೋತಿ ಹಾರಿದ ಮಾರನೇ ದಿನ ನನಗೆ ಫೋನು ಬರುವುದು ಇದಕ್ಕೇ.

ಫೋನು ಬಂದರೆ ನಾನು ಏಣಿ ಹಾಕುತ್ತೇನೆ. ಉಪಗ್ರಹ ಕೆಟ್ಟರೆ ಏಣಿ ಹಾಕುವವರು ಯಾರು?

ನನ್ನನ್ನು ಬೆರಗುಗೊಳಿಸುವುದು ಇದು, ರಾಕೆಟ್ಟಿನ ಬೆಂಕಿ ಅಲ್ಲ. ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವವರಿಗೆ ಸರ್ವಿಸ್ ಅನ್ನುವ ಮಾತೇ ಇಲ್ಲ. ಹೋದದ್ದು ಹೋಯಿತು, ಹದಿನೈದು ವರ್ಷ ಅದು ಒಂದೇ ಸಮನೆ ದುಡಿಯಬೇಕು. ಬಿಸಿಲಿಗೆ ಬಿದ್ದ ಮೈ ಕಾಯುತ್ತದೆ, ನೆರಳಿನ ಮೈ ಹೆಪ್ಪುಗಟ್ಟುತ್ತದೆ, ಗಾಳಿ ಇಲ್ಲದ ಕಡೆ ಶಾಖ ಹಂಚಲು ಬೇರೆ ದಾರಿ ಮಾಡಬೇಕು. ಅದಕ್ಕೇ ಇಡೀ ಉಪಗ್ರಹವನ್ನು ದೊಡ್ಡ ನಿರ್ವಾತ ಕೋಣೆಯೊಳಗೆ ಇಟ್ಟು ಕಾಯಿಸಿ, ತಣ್ಣಗೆ ಮಾಡಿ, ಮತ್ತೆ ಕಾಯಿಸಿ ನೋಡುತ್ತಾರೆ. ರಾಕೆಟ್ ಅಲುಗಾಡಿಸುವಂತೆ ಅಲುಗಾಡಿಸುತ್ತಾರೆ. ರಾಕೆಟ್ಟಿನ ಸದ್ದೇ ಸಾಕು ಕೆಲವು ಭಾಗ ಸೀಳಲು, ಹಾಗಾಗಿ ಅಂಥದೇ ಸದ್ದು ಹಾಕಿ ಕೇಳಿಸುತ್ತಾರೆ. ಮಡಚಿಟ್ಟ ಸೌರ ಫಲಕ ಸರಿಯಾಗಿ ಬಿಚ್ಚಿಕೊಳ್ಳುತ್ತದಾ ಅಂತ ನೋಡುತ್ತಾರೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ದಿನಾ ರಾತ್ರಿ ಭೂಮಿಯ ನೆರಳು ಅದರ ಮೇಲೆ ಬೀಳುತ್ತದೆ, ಹೆಚ್ಚೆಂದರೆ 72 ನಿಮಿಷ. ಆಗ ಬ್ಯಾಟರಿ ಎಳೆಯಬೇಕು. ನಮ್ಮ ಮನೆ ಯುಪಿಎಸ್ ಮೂರೇ ವರ್ಷಕ್ಕೆ ಉಸ್ಸಪ್ಪಾ ಅನ್ನುತ್ತದೆ.

ಬೆಳೆ ಅಂದರೆ ಇದು. ನರ್ಸರಿಯಿಂದ ಸಸಿ ತಂದು, ಕೋಲು ಕಟ್ಟಿ, ಔಷಧಿ ಹೊಡೆದು, ಎಲೆಸುರುಳಿ ರೋಗ ಬಂತಾ ಅಂತ ದಿನಾ ಮಗುಚಿ ನೋಡಿದ ಹಾಗೆ. ಲಾರಿ ಬರುವುದು ಕೊನೆಯಲ್ಲಿ.

ಈ ಬೆಳೆ ಬೆಳೆಯಲು ನಾವು ಕಲಿತದ್ದು ಹೇಗೆ ಗೊತ್ತಾ? ಆ್ಯಪಲ್ ಅಂತ ಒಂದು ಉಪಗ್ರಹ. ಭೂಸ್ಥಿರ ಕಕ್ಷೆಗೆ, ಅಂದರೆ ಕದಲದಂತೆ ಕಾಣುವ ಆ ಎತ್ತರದ ದಾರಿಗೆ, ಹೋದ ಇಸ್ರೋದ ಮೊದಲ ಪ್ರಾಯೋಗಿಕ ಸಂಪರ್ಕ ಉಪಗ್ರಹ, 670 ಕೆ.ಜಿ. ಕಟ್ಟಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದನ್ನು ಎತ್ತಿನ ಗಾಡಿ ಮೇಲಿಟ್ಟ ಫೋಟೋ ನೀವೂ ನೋಡಿರುತ್ತೀರಿ. ಜನ ಅದನ್ನು ನೋಡಿ ಬಡತನ ಅಂದುಕೊಳ್ಳುತ್ತಾರೆ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು, ಮರದ ಗಾಡಿ ಸರಿಹೋಯಿತು. ನನಗೆ ಅದು ಬುದ್ಧಿವಂತಿಕೆ ಅನಿಸುತ್ತದೆ. ನಾನೂ ಎಷ್ಟೋ ಸಲ ತಗಡಿನ ಶೀಟು ತಪ್ಪಿಸಲು ಡಿಶ್ಶನ್ನು ಮರದ ತುಂಡಿನ ಮೇಲೆ ಕೂರಿಸಿದ್ದೇನೆ. (ಹೋಲಿಕೆ ಜಾಸ್ತಿ ಆಯಿತು, ಕ್ಷಮಿಸಿ.)

1981ರ ಜೂನ್ 19ರಂದು ಆ್ಯಪಲ್ ಹೋದದ್ದು ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ, ಫ್ರೆಂಚ್ ಗಯಾನಾದ ಕೂರೂನಿಂದ. ಆ ರಾಕೆಟ್ಟೇ ಆಗ ಪರೀಕ್ಷೆಯಲ್ಲಿತ್ತು, ಅದು ಮೂರನೇ ಹಾರಾಟ. ಹೊಸ ಲಾರಿ, ಬ್ರೇಕು ಹಿಡಿಯುತ್ತೋ ಇಲ್ಲವೋ ಗೊತ್ತಿಲ್ಲ, ಬೇಕಾದರೆ ಬಿಟ್ಟಿ ಹತ್ತಿಸಿಕೊಳ್ಳುತ್ತೇವೆ ಅಂದ ಹಾಗೆ. ಹತ್ತಿಸಿದರು. ಮೇಲೆ ಹೋದ ಮೇಲೆ ಎರಡು ಸೌರ ಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಒಂಟಿ ರೆಕ್ಕೆಯಲ್ಲೇ ಅದನ್ನು ಎರಡು ವರ್ಷಕ್ಕೂ ಜಾಸ್ತಿ ದುಡಿಸಿದರು. ಆಮೇಲೆ ಇನ್‌ಸ್ಯಾಟ್-1 ಸಾಲಿನ ನಾಲ್ಕನ್ನೂ ಅಮೆರಿಕದಲ್ಲಿ ಮಾಡಿಸಿದೆವು. ಅದರಲ್ಲಿ ಮೊದಲನೆಯದು 1982ರಲ್ಲಿ ಹೋಗಿ ಆರು ತಿಂಗಳೊಳಗೇ ಕೈಕೊಟ್ಟಿತು. 1992ರಲ್ಲಿ ಇನ್‌ಸ್ಯಾಟ್-2ಎ ಬಂತು, ನಾವೇ ಕಟ್ಟಿದ್ದು. ಲಾರಿ ಮತ್ತೆ ಏರಿಯಾನೇ. ಆಗ ನಾಚಿಕೆ ಪಟ್ಟು ಕೂತಿದ್ದರೆ ಇವತ್ತು ನನಗೆ ತಾರಸಿ ಹತ್ತುವ ಕೆಲಸವೇ ಇರುತ್ತಿರಲಿಲ್ಲ.

ಇನ್ನೊಂದು ವಿಷಯ ಹುಡುಗರಿಗೆ ಗೊತ್ತಿರುವುದಿಲ್ಲ. ರಾಕೆಟ್ ಉಪಗ್ರಹವನ್ನು ಮನೆ ಬಾಗಿಲವರೆಗೆ ಬಿಡುವುದಿಲ್ಲ. ಒಂದು ತುದಿ ಭೂಮಿಗೆ ಕೆಲವು ನೂರು ಕಿ.ಮೀ. ಹತ್ತಿರ, ಇನ್ನೊಂದು ತುದಿ 36 ಸಾವಿರ ಕಿ.ಮೀ. ದೂರ ಇರುವ ಮೊಟ್ಟೆಯಾಕಾರದ ದಾರಿಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಮುಂದೆ ಉಪಗ್ರಹ ತನ್ನದೇ ಪುಟ್ಟ ಎಂಜಿನ್ ಉರಿಸಿಕೊಂಡು ಹತ್ತಬೇಕು. ಆ ಎಂಜಿನ್ನಿನ ಬಲ 440 ನ್ಯೂಟನ್, ಅಂದರೆ 45 ಕೆ.ಜಿ. ಮೂಟೆ ಎತ್ತಿ ಹಿಡಿಯುವಷ್ಟು. ಅದನ್ನು ಯಾವಾಗ ಎಷ್ಟು ಹೊತ್ತು ಉರಿಸಬೇಕು ಅಂತ ಆಜ್ಞೆ ಹೋಗುವುದು ನಮ್ಮ ಹಾಸನದ ಎಂಸಿಎಫ್‌ನಿಂದ, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಿಂದ. ಟೀವಿಯಲ್ಲಿ ಚಪ್ಪಾಳೆ ಮುಗಿದ ಮೇಲೆ ಅವರ ಪರದಾಟ ಶುರು.

2018ರ ಮಾರ್ಚ್ 29ರಂದು ಜಿಸ್ಯಾಟ್-6ಎ ಹೋಯಿತು. ನಮ್ಮದೇ ಜಿಎಸ್‌ಎಲ್‌ವಿ ರಾಕೆಟ್, ಹಾರಾಟ ಚೆನ್ನಾಗೇ ಆಯಿತು, ಎಲ್ಲರೂ ಕೈ ಕುಲುಕಿದರು. ಎರಡು ಸಲ ಎಂಜಿನ್ ಉರಿಸುವುದೂ ಆಯಿತು. ಆಮೇಲೆ ಉಪಗ್ರಹ ಮಾತೇ ನಿಲ್ಲಿಸಿತು. ಲಾರಿ ಸ್ವಂತದ್ದೇ, ಸರಕು ಕೈಬಿಟ್ಟಿತು. ಆಗ ಜಿಸ್ಯಾಟ್-11 ಅನ್ನುವ 5,854 ಕೆ.ಜಿ. ದೈತ್ಯ ಕೂರೂಗೆ ಹೋಗಿ ಕೂತಾಗಿತ್ತು. ಅದನ್ನು ವಾಪಸ್ ಬೆಂಗಳೂರಿಗೆ ತರಿಸಿ, ಮತ್ತೆ ತಡಕಿ, ಡಿಸೆಂಬರ್ 5ಕ್ಕೆ ಹಾರಿಸಿದರು. ಮಂಡಿಗೆ ಹೋದ ಬಾಕ್ಸುಗಳನ್ನು ತೋಟಕ್ಕೆ ವಾಪಸ್ ತಂದು ಒಂದೊಂದೇ ಹಣ್ಣು ತಿರುಗಿಸಿ ನೋಡಿದ ಹಾಗೆ. ಮಾನ ಹೋಗುತ್ತೆ ಅಂತ ನೋಡಲಿಲ್ಲ, ಅದು ನನಗೆ ಇಷ್ಟವಾಯಿತು.

ತೂಕದ ವಿಷಯವೇ ಈ ಬಾಡಿಗೆ ಗಲಾಟೆಗೆ ಕಾರಣ. ಟೊಮೇಟೊದಲ್ಲಿ ಬಹುಪಾಲು ನೀರು ಇರುವ ಹಾಗೆ ಉಪಗ್ರಹದ ಅರ್ಧಕ್ಕಿಂತ ಜಾಸ್ತಿ ತೂಕ ಇಂಧನದ್ದೇ. ಜಿಸ್ಯಾಟ್-14 ಹೊರಟಾಗ 1,982 ಕೆ.ಜಿ., ಇಂಧನ ಕಳೆದರೆ ಬರೀ 851. ಮೇಲೆ ಹತ್ತಲು ಮುಕ್ಕಾಲು ಪಾಲು ಖರ್ಚು, ಉಳಿದದ್ದರಲ್ಲಿ ಜಾಗ ಬಿಟ್ಟು ಕದಲದಂತೆ ವರ್ಷಾನುಗಟ್ಟಲೆ ಸಂಸಾರ. ಸೂರ್ಯ ಚಂದ್ರರು ಸುಮ್ನೆ ಬಿಡಲ್ಲ, ಎಳೆಯುತ್ತಲೇ ಇರುತ್ತಾರೆ. ಇಂಧನ ಮುಗಿದರೆ ಉಪಗ್ರಹದ ಆಯಸ್ಸು ಮುಗಿಯಿತು. ಕೂರೂ ಸಮಭಾಜಕದಿಂದ ಬರೀ 5 ಡಿಗ್ರಿ ಮೇಲಿದೆ, ಶ್ರೀಹರಿಕೋಟಾ ನಮ್ಮ ಕೋಲಾರದ ಹಾಗೆ 13 ಡಿಗ್ರಿ ಮೇಲೆ. ಕೂರೂನಿಂದ ಹೊರಟರೆ ವಾಲಿದ ದಾರಿಯನ್ನು ಸಮಭಾಜಕದ ನೇರಕ್ಕೆ ತಂದುಕೊಳ್ಳಲು ಕಡಿಮೆ ಇಂಧನ ಸಾಕು. ಉಳಿದದ್ದು ಆಯಸ್ಸಿಗೆ.

ಜಿಸ್ಯಾಟ್-ಎನ್2 ತೂಕ 4,700 ಕೆ.ಜಿ. ನಮ್ಮ ದೊಡ್ಡ ರಾಕೆಟ್ ಎಲ್‌ವಿಎಂ3 ಆ ಮೊಟ್ಟೆಯಾಕಾರದ ದಾರಿಗೆ ಆಗ ಹೊರುತ್ತಿದ್ದದ್ದು ಸುಮಾರು 4 ಟನ್. ಏರಿಯಾನ್-5 2023ರಲ್ಲೇ ನಿವೃತ್ತಿ ಆಗಿತ್ತು. ಸಿಕ್ಕಿದ ಲಾರಿ ಫಾಲ್ಕನ್. ಇದರಲ್ಲಿ ಕಾಲು ಹಿಡಿಯುವ ಮಾತೇನು ಬಂತು? ದುಡ್ಡು ಕೊಟ್ಟೆವು, ಅವರು ಹೊತ್ತರು.

ಇಷ್ಟು ಹೇಳಿದ ಮೇಲೂ ಮಾವನ ಮಾತಿನಲ್ಲಿ ಅರ್ಧ ಸತ್ಯ ಇದೆ, ಒಪ್ಪುತ್ತೇನೆ. ಸೀಸನ್ನಿನಲ್ಲಿ ಲಾರಿಯವನು ಬಾಡಿಗೆ ಏರಿಸಿದರೆ ಏನು ಮಾಡುವುದು? ಬರಲ್ಲ ಅಂದುಬಿಟ್ಟರೆ? ಆಗಿದೆ ಹಾಗೆ. ಕ್ರಯೋಜೆನಿಕ್, ಅಂದರೆ ಅತಿ ತಣ್ಣನೆಯ ದ್ರವ ಇಂಧನ ಉರಿಸುವ, ಎಂಜಿನ್ ತಂತ್ರಜ್ಞಾನ ಕೊಡುತ್ತೇವೆ ಅಂದಿದ್ದ ರಷ್ಯಾ, ಅಮೆರಿಕದ ಒತ್ತಡಕ್ಕೆ 1993ರಲ್ಲಿ ಹಿಂದೆ ಸರಿಯಿತು. ಏಳು ಎಂಜಿನ್ ಕೊಟ್ಟರು, ಮಾಡುವ ವಿದ್ಯೆ ಕೊಡಲಿಲ್ಲ. ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ಆಡಿಸುವುದು ನಾವೇ ಕಲಿಯಬೇಕಾಯಿತು. 2010ರ ಏಪ್ರಿಲ್‌ನಲ್ಲಿ ನಮ್ಮದೇ ಎಂಜಿನ್ನಿನ ಮೊದಲ ಪ್ರಯತ್ನ ಸಮುದ್ರ ಸೇರಿತು. 2014ರ ಜನವರಿ 5ಕ್ಕೆ ಅದೇ ಜಿಸ್ಯಾಟ್-14ನ್ನು ಹೊತ್ತು ಗೆದ್ದಿತು. 2025ರ ನವೆಂಬರಿನಲ್ಲಿ 4,410 ಕೆ.ಜಿ.ಯ ಸಿಎಂಎಸ್-03 ಉಪಗ್ರಹವನ್ನು ಎಲ್‌ವಿಎಂ3ಯೇ ಹೊತ್ತಿತು. ಸ್ವಂತ ಲಾರಿ ದೊಡ್ಡದಾಗುತ್ತಿದೆ, ನಿಧಾನಕ್ಕೆ. ಅಲ್ಲಿವರೆಗೆ ಹಣ್ಣು ಕೊಳೆಯಲು ಬಿಡಬಾರದು ಅಲ್ವಾ?

ನಿನ್ನೆ ಮಾವನ ಮನೆಯಿಂದ ಫೋನು, ಡಿಶ್ ಬರುತ್ತಿಲ್ಲ ಅಂತ. ಹತ್ತಿ ನೋಡಿದರೆ ನುಗ್ಗೆ ಮರ ಬೆಳೆದು ಅಗ್ನಿಮೂಲೆಗೆ ಅಡ್ಡ ನಿಂತಿತ್ತು. ಎರಡು ಕೊಂಬೆ ಕಡಿದೆ, ಬಂತು. ಕೆಳಗಿಳಿದಾಗ ಮಾವ ಕಾಫಿ ಕೊಟ್ಟು, ಸ್ವಲ್ಪ ಸಂಕೋಚದಿಂದಲೇ ಅಂದರು: "ಬಾಡಿಗೆ ಕೊಟ್ಟು ಕೊಟ್ಟು ಸಾಕಾಯ್ತು ಕಣೋ. ಮಾಲೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲಾರಿ ನೋಡಿದೀನಿ."

"ಎಷ್ಟು ಬಾಕ್ಸ್ ಹಿಡಿಯತ್ತೆ ಮಾವ?" ಅಂದೆ.

"ಅದೇ ಯೋಚನೆ. ನಮ್ಮ ತೋಟದ್ದೆಲ್ಲ ಹಿಡಿಯಲ್ಲ."