ಬಿಸಿಲಲ್ಲಿನ ಪೆಂಗ್ವಿನ್, ನಮ್ಮ ಹೊಳೆಯ ನೀರುನಾಯಿ

ದಕ್ಷಿಣ ಆಫ್ರಿಕಾದಲ್ಲಿ ಪೆಂಗ್ವಿನ್ ನೋಡಿ ಬಂದೆ ಅಂದರೆ ಕಂಪ್ಲಿಯಲ್ಲಿ ಎಲ್ಲರೂ ಕೇಳುವುದು ಒಂದೇ: "ಅಲ್ಲಿ ಐಸ್ ಇತ್ತಾ?" ಇರಲಿಲ್ಲ ಮಾರಾಯ್ರೆ. ಬಿಸಿಲಿತ್ತು. ಆಫ್ರಿಕನ್ ಪೆಂಗ್ವಿನ್‌ಗೆ ಕಣ್ಣಿನ ಮೇಲೆ ಗುಲಾಬಿ ಬಣ್ಣದ ಬರಿ ಚರ್ಮ ಇರುತ್ತದೆ. ಸೆಕೆಯಾದಾಗ ರಕ್ತ ಅಲ್ಲಿಗೆ ಜಾಸ್ತಿ ಹರಿದು ಮೈಯ ಕಾವು ಹೊರಗೆ ಹೋಗುತ್ತದೆ. ಬಳ್ಳಾರಿಯವರಿಗೂ ಇಂಥದ್ದೊಂದು ಇರಬೇಕಿತ್ತು.

ಜಾಗದ ಹೆಸರು ಬೌಲ್ಡರ್ಸ್ ಬೀಚ್. ಕೇಪ್ ಟೌನ್ ಹತ್ತಿರದ ಸೈಮನ್ಸ್ ಟೌನ್‌ನಲ್ಲಿದೆ. ಹಂಪಿ ಹತ್ತಿರದ ನಮ್ಮ ಸಣಾಪುರದ ಹಾಗೆ ಅಲ್ಲೂ ದುಂಡನೆಯ ಗ್ರಾನೈಟ್ ಬಂಡೆಗಳು. ಅವುಗಳ ಸಂದಿಯಲ್ಲೇ ಪೆಂಗ್ವಿನ್ ಸಂಸಾರ. ಒಂದು ಮೊಟ್ಟೆಗೆ ಕಾವು ಕೊಡುತ್ತಿದ್ದರೆ ಇನ್ನೊಂದು ಕುತ್ತಿಗೆ ಚಾಚಿ ಕತ್ತೆಯ ಹಾಗೆ ಅರಚುತ್ತದೆ. ಪುಕ್ಕ ಉದುರುವ ಕಾಲದಲ್ಲಿ ಸುಮಾರು ಮೂರು ವಾರ ನೀರಿಗೇ ಇಳಿಯುವಂತಿಲ್ಲ, ಉಪವಾಸ. ಅಂಥವು ಮುಖ ಊದಿಸಿಕೊಂಡು ಸುಮ್ನೆ ನಿಂತಿರುತ್ತವೆ. ಕಾರು ತೆಗೆಯುವ ಮೊದಲು ಕೆಳಗೆ ಪೆಂಗ್ವಿನ್ ಇದೆಯಾ ನೋಡಿ ಅಂತ ಬೋರ್ಡ್ ಬೇರೆ!

1982ರಲ್ಲಿ ಇಲ್ಲಿ ಗೂಡು ಕಟ್ಟಿದ್ದು ಎರಡೇ ಜೋಡಿ. ಆಮೇಲೆ ಸಾವಿರಗಟ್ಟಲೆಯಾದವು, ಅದೂ ಮನೆಗಳ ಪಕ್ಕದಲ್ಲೇ. ನನಗೆ ಹಿಡಿಸಿದ್ದು ಅಲ್ಲಿನ ಏರ್ಪಾಟು. ಗೂಡುಗಳಿರುವ ಕಡೆ ಮರದ ಹಲಗೆಯ ದಾರಿ, ಎರಡೂ ಕಡೆ ಕಟಕಟೆ. ಜನ ಎಷ್ಟೇ ಬಂದರೂ ಹಲಗೆಯ ಮೇಲೇ ಇರಬೇಕು. ಪೆಂಗ್ವಿನ್ ಕೆಳಗೆ ಮರಳಲ್ಲಿ ತನ್ನ ಪಾಡಿಗೆ ತಾನಿರುತ್ತದೆ.

ಹಾಗಂತ ಅಲ್ಲಿ ಎಲ್ಲ ಸರಿಯಾಗಿದೆ ಅನ್ನಬೇಡಿ. ಇಡೀ ಜಗತ್ತಲ್ಲಿ ಆಫ್ರಿಕನ್ ಪೆಂಗ್ವಿನ್‌ನ ಮರಿ ಮಾಡುವ ಜೋಡಿಗಳು ಹತ್ತು ಸಾವಿರಕ್ಕಿಂತ ಕಡಿಮೆ ಉಳಿದಿವೆ. 2024ರಲ್ಲಿ ಈ ಪೆಂಗ್ವಿನ್ ಅಳಿವಿನ ತೀರಾ ಅಂಚಿಗೆ ಬಂದಿದೆ ಅಂತ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಹೇಳಿತು. ದೊಡ್ಡ ಕಾರಣ ಊಟ. ಅದು ತಿನ್ನುವ ಬೂತಾಯಿಯಂಥ ಸಣ್ಣ ಮೀನು ಈಗ ಸಿಗುತ್ತಿಲ್ಲ. ಒಂದು ಕಡೆ ಸಮುದ್ರ ಬದಲಾಗಿದೆ, ಇನ್ನೊಂದು ಕಡೆ ಬೋಟುಗಳು ಬಾಚುತ್ತವೆ. ಪಕ್ಷಿ ಸಂಘಟನೆಗಳು ಕೋರ್ಟಿಗೆ ಹೋದವು. ಕೊನೆಗೆ 2025ರಲ್ಲಿ ಮೀನುಗಾರಿಕೆ ಕಂಪನಿಗಳ ಜೊತೆ ರಾಜಿಯಾಗಿ, ಮುಖ್ಯ ನೆಲೆಗಳ ಸುತ್ತ ಹತ್ತು ವರ್ಷ ಈ ಮೀನು ಹಿಡಿಯಬಾರದು ಅಂತ ಆದೇಶವಾಯಿತು.

ಇದನ್ನೆಲ್ಲ ಯಾಕೆ ಬರೀತಿದ್ದೀನಿ ಅಂದರೆ, ನಮ್ಮ ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ಅವುಗಳಿಗೂ ಮೀನೇ ಊಟ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ದೇಶದಲ್ಲೇ ಮೊದಲನೆಯದು! ಊರಲ್ಲಿ ಎಷ್ಟು ಜನಕ್ಕೆ ಗೊತ್ತು? ಹಂಪಿ ನೋಡಲು ಬಂದವರು ಇದೇ ಹೊಳೆ ದಾಟಿ ಹೋಗುತ್ತಾರೆ, ಅವರಿಗೂ ಯಾರೂ ಹೇಳುವುದಿಲ್ಲ. ಡೈನಮೈಟ್ ಸಿಡಿಸಿ ಮೀನು ಹಿಡಿಯುವವರಿಗೆ ಮಾತ್ರ ಹೊಳೆಯ ಮೂಲೆಮೂಲೆ ಗೊತ್ತು.

ಕಾಡುಪ್ರಾಣಿ ಇರುವಲ್ಲಿ ಜನರನ್ನೇ ಬಿಡಬಾರದು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಜನ ಬರುತ್ತಾರೆ ಅಂತಾದರೆ ಕಾಯುವವರೂ ಬರುತ್ತಾರೆ, ದುಡ್ಡೂ ಬರುತ್ತದೆ. ಆದರೆ ಸೆಲ್ಫಿಗಾಗಿ ಬಂಡೆ ಹತ್ತಿ ಬಿಲದವರೆಗೆ ಹೋಗುವ ಹಾಗಿರಬಾರದು, ಅಷ್ಟೇ. ದೂರದಲ್ಲಿ ಒಂದು ಅಟ್ಟಣಿಗೆ, ಒಂದು ಕಟಕಟೆ ಸಾಕು. ತೋರಿಸುವ ಕೆಲಸ ಹೊಳೆ ಬಲ್ಲ ಮೀನುಗಾರರಿಗೇ ಕೊಡಲಿ, ಸಂಬಳ ಕೊಟ್ಟು.

ಟಿಕೆಟ್ ಇಟ್ಟರೆ ನಾನಂತೂ ಕೊಡ್ತೀನಿ. ಹೊರದೇಶದವರಿಗೆ ಜಾಸ್ತಿ ಇಟ್ಟರೂ ತಪ್ಪಿಲ್ಲ, ಅಲ್ಲಿ ನನ್ನ ಹತ್ತಿರ ಜಾಸ್ತಿನೇ ತಗೊಂಡರು!